ಮುರಿದ ದವಡೆಗೆ ಬೆಲ್ಲದ ನೀರು

ಕಳೆದ ತಿಂಗಳು ಬೆಳ್ಳೂರಿನಲ್ಲಿ ವಿಶ್ವ ಕಟ್ಟಿಸುವ ಹೊಸ ಮನೆಯ ಕಲ್ಲು ನೋಡಲಿಕ್ಕೆ ಹೋಗಿದ್ದೆ. ಲಾರಿಯಿಂದ ಆಗಷ್ಟೇ ಇಳಿಸಿದ ಕೆಂಪುಕಲ್ಲು, ಮೈಯಲ್ಲಿ ಇನ್ನೂ ಬ್ಲೇಡಿನ ಬಿಸಿ ಇದ್ದ ಹಾಗೆ. ಬೆರಳಲ್ಲಿ ತಟ್ಟಿ ನೋಡಿದೆ, ಮೂಲೆ ಹಿಡಿದು ತಿರುಗಿಸಿ ನೋಡಿದೆ. ಕಲ್ಲು ನೋಡುವುದರಲ್ಲಿ ನನ್ನನ್ನು ಮೀರಿಸಿದವರು ಈ ಸುತ್ತಿನಲ್ಲಿ ಇಲ್ಲ. ಇದನ್ನು ನಾನೇ ಹೇಳಿಕೊಳ್ಳುತ್ತೇನೆ, ಬೇರೆಯವರು ಹೇಳಲಿ ಎಂದು ಕಾಯುವ ಜನ ನಾನಲ್ಲ. ಅಷ್ಟರಲ್ಲಿ ಹಳೆ ಮನೆಯ ಒಳಗಿನಿಂದ ಸ್ಟೀಲಿನ ಲೋಟದಲ್ಲಿ ಚಮಚ ತಿರುಗಿಸುವ ಸದ್ದು ಬಂತು. ಹಿಂದೆಯೇ ಬೆಲ್ಲ ಕರಗುವ ವಾಸನೆ. ಕಲ್ಲಿನ ಹುಡಿ, ಬೆಲ್ಲ ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗ ನನ್ನ ಎಡಗಾಲಿನ ಗಂಟು ತನ್ನಷ್ಟಕ್ಕೇ ನೋಯಲು ಸುರುವಾಯಿತು.

ನಮ್ಮ ಕಡೆ ಅಂಗಳಕ್ಕೆ ಬಂದವರಿಗೆ ಬೆಲ್ಲ, ನೀರು ಕೊಡುವುದು ಹೊಸತಲ್ಲ. ತಟ್ಟೆಯಲ್ಲಿ ಬೆಲ್ಲದ ತುಂಡು, ಪಕ್ಕದಲ್ಲಿ ಒಂದು ಚೆಂಬು ನೀರು. ಬೆಲ್ಲ ಕಚ್ಚಬೇಕು, ನೀರು ಕುಡಿಯಬೇಕು, ಬಂದ ವಿಷಯ ಆಮೇಲೆ. ಆದರೆ ವಿಶ್ವನ ಮನೆಯಲ್ಲಿ ಬೆಲ್ಲವನ್ನು ನೀರಿಗೆ ಹಾಕಿ ಕದಡಿಯೇ ಕೊಡುತ್ತಾರೆ. ಅವನ ಹೆಂಡತಿಯನ್ನು ಕೇಳಿದರೆ, ಈ ಮನೆಯ ಕ್ರಮವೇ ಹಾಗೆ ಎನ್ನುತ್ತಾಳೆ. ಮದುವೆಯಾಗಿ ಬಂದವಳು, ಕ್ರಮ ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತುಂಟು. ಈ ವಿಶ್ವನ ದವಡೆ ಒಮ್ಮೆ ಮುರಿದದ್ದು ನಾನು.

ಕೊರೋನ ಮುಗಿದು ಎಲ್ಲರೂ ಒಮ್ಮೆಲೇ ಮನೆ ಕಟ್ಟಲು ಎದ್ದು ನಿಂತ ವರ್ಷ ಅದು. ಗಲ್ಫಿನಲ್ಲಿದ್ದವರು ಫೋನಿನಲ್ಲೇ ಕಲ್ಲಿಗೆ ಆರ್ಡರು ಹೇಳುತ್ತಿದ್ದರು. ಗುಡ್ಡೆ ಗುಡ್ಡೆಯಲ್ಲಿ ಕಲ್ಲು ಕೊಯ್ಯುವ ಮಿಷನು. ಬೇಸಿಗೆಯ ಕಲ್ಲುಕೋರೆ ಎಂದರೆ ನೋಡದವರಿಗೆ ಹೇಳಿ ಪ್ರಯೋಜನವಿಲ್ಲ. ಕೆಳಗೆ ಕಲ್ಲು, ಸುತ್ತ ಕಲ್ಲಿನ ಗೋಡೆ, ಮೇಲೆ ಸೂರ್ಯ. ಹುಡಿ ಮೂಗಿಗೆ ಹೋಗಿ ಸಂಜೆ ಉಗುಳಿದರೂ ಕೆಂಪು. ಗಂಡಸರ ತಲೆ ಬೆಳಿಗ್ಗೆಯೇ ಬಿಸಿಯಾಗಿರುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಆ ಹುಡಿಯಲ್ಲಿ ಇಳಿದವ ನಾನು. ಪಿಕ್ಕಾಸಿನಲ್ಲಿ ಕಡಿಯುವ ಕಾಲದಿಂದ ಮಿಷನಿನ ಕಾಲದವರೆಗೆ ನನ್ನ ಕೈಯೇ ನನಗೆ ಸರ್ಟಿಫಿಕೇಟು.

ನಮ್ಮ ಕೋರೆಯ ಪಕ್ಕದ ಗುಡ್ಡೆಯನ್ನು ಆ ವರ್ಷ ಜಯಂತ ಹಿಡಿದ. ಜಯಂತ ಒಂದು ಕಾಲದಲ್ಲಿ ನನ್ನ ಕೈಕೆಳಗೇ ಕಲ್ಲು ಎಬ್ಬಿಸಲು ಕಲಿತವ. ಈಗ ಅವನಿಗೆ ಸ್ವಂತ ಮಿಷನು, ಸ್ವಂತ ಜೀಪು. ಮಿಷನು ಓಡಿಸುತ್ತಿದ್ದವ ಅವನ ತಮ್ಮ, ಇದೇ ವಿಶ್ವ. ಎರಡು ಕೋರೆಗಳ ನಡುವೆ ಕಡಿಯದೆ ಒಂದು ದಂಡೆ ಬಿಡುವುದು ಈ ಕೆಲಸದ ನಿಯಮ. ಅದನ್ನು ಯಾರೂ ಬರೆದಿಟ್ಟಿಲ್ಲ. ದಂಡೆ ತೆಳುವಾದರೆ ಮೊದಲ ಮಳೆಗೆ ಕುಸಿಯುತ್ತದೆ, ಕೆಳಗಿದ್ದವರನ್ನು ಮುಚ್ಚುತ್ತದೆ. ಮಾರ್ಚ್ ಕೊನೆಯಲ್ಲಿ ಒಂದು ದಿನ ನೋಡುತ್ತೇನೆ, ವಿಶ್ವನ ಬ್ಲೇಡು ನಾವು ಹಾಕಿದ ಸುಣ್ಣದ ಗೆರೆ ದಾಟಿ ದಂಡೆಯನ್ನು ತಿನ್ನುತ್ತಾ ಇದೆ.

ನಿಲ್ಲಿಸು ಎಂದು ಕೈ ಮಾಡಿದೆ. ನಿಲ್ಲಿಸಲಿಲ್ಲ. ಹತ್ತಿರ ಹೋಗಿ ಜನರೇಟರು ಬಂದ್ ಮಾಡಿದೆ. ಅವನು ಮುಖದ ಬಟ್ಟೆ ಕೆಳಗೆ ಎಳೆದು ನಕ್ಕ.

"ಐತಪ್ಪಣ್ಣ, ನಿಮ್ಮ ಕಾಲ ಮುಗೀತು. ಮನೆಗೆ ಹೋಗಿ ಹೆಂಡತಿಗೆ ಬೀಡಿ ಎಲೆ ಕತ್ತರಿಸಿ ಕೊಡಿ" ಎಂದ.

ಅವನ ಆಳುಗಳೂ ನಕ್ಕರು. ನನ್ನ ಕೈಯಲ್ಲಿ ಪಿಕ್ಕಾಸಿನ ಹಿಡಿ ಇತ್ತು. ಹೊಡೆದೆ. ಒಣ ತೆಂಗಿನ ಗೆರಟೆ ಒಡೆದ ಹಾಗೆ ಸದ್ದು. ಅವನು ಬಾಯಿ ಹಿಡಿದುಕೊಂಡು ಕೂತಲ್ಲಿ ರಕ್ತ ಯಾವುದು, ಕಲ್ಲಿನ ಹುಡಿ ಯಾವುದು ಎಂದು ತಿಳಿಯುತ್ತಿರಲಿಲ್ಲ. ದವಡೆ ಎರಡು ಕಡೆ ಬಿರುಕು ಬಿಟ್ಟಿತ್ತು. ಕಾಸರಗೋಡಿಗೆ ಕೊಂಡುಹೋಗಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಹಾಕಿ ಬಾಯಿ ಕಟ್ಟಿಸಿದರಂತೆ. ದಂಡೆಯ ವಿಷಯದಲ್ಲಿ ನಾನು ಹೇಳಿದ್ದು ಸರಿ, ಅದನ್ನು ಇವತ್ತೂ ಹೇಳುತ್ತೇನೆ.

ವಾರ ಕಳೆಯಲಿಲ್ಲ. ಮುಳ್ಳೇರಿಯದಿಂದ ಬೈಕಿನಲ್ಲಿ ಬರುವಾಗ ತಿರುವಿನಲ್ಲಿ ಜೀಪು ಅಡ್ಡ ನಿಂತಿತ್ತು. ಮೂವರು ನನ್ನನ್ನು ಡಾಮರಿನ ಮೇಲೆ ಒತ್ತಿ ಹಿಡಿದರು. ಜಯಂತ ಅವಸರ ಮಾಡಲಿಲ್ಲ. ಹಾರೆಯ ಮೊಂಡು ತುದಿಯನ್ನು ಎರಡು ಕೈಯಲ್ಲಿ ಎತ್ತಿ, ಕಲ್ಲು ಎಬ್ಬಿಸಲು ನಾನು ಕಲಿಸಿದ ಹಾಗೆಯೇ, ನೇರವಾಗಿ ನನ್ನ ಎಡಗಾಲಿನ ಗಂಟಿನ ಮೇಲೆ ಇಳಿಸಿದ. "ದವಡೆಗೆ ಕಾಲು" ಎಂದ, ಅಷ್ಟೆ. ಹಾರೆ ಇನ್ನೊಮ್ಮೆ ಎತ್ತುವುದನ್ನು ನಾನು ನೋಡಿದೆ, ಇಳಿಯುವುದನ್ನು ನೋಡಲಿಲ್ಲ.

ಪೊಲೀಸಿಗೆ ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಆಸ್ಪತ್ರೆಯ ಮಂಚದಲ್ಲಿ ಮಲಗಿಕೊಂಡೇ ನನ್ನ ಮಿಷನು ಓಡಿಸುವ ಬಾಬುವನ್ನು ಕರೆಸಿದೆ. ನಾನು ಹೇಳಿದ್ದು ಒಂದೇ ಮಾತು, ಅವರ ಮಿಷನು ಇನ್ನು ತಿರುಗಬಾರದು. ಮರುದಿನ ಊಟದ ಹೊತ್ತಿಗೆ ನಮ್ಮವರು ಹೋಗಿ ಜನರೇಟರಿನ ಟ್ಯಾಂಕಿಗೆ ಕಲ್ಲಿನ ಹುಡಿ ಸುರಿದರು, ಬ್ಲೇಡು ಬಡಿದು ಬಗ್ಗಿಸಿದರು, ತಡೆಯಲು ಬಂದ ಆಳಿನ ತಲೆ ಒಡೆದರು, ಬರುವಾಗ ಶೆಡ್ಡಿಗೆ ಬೆಂಕಿ ಕೊಟ್ಟು ಬಂದರು. ಒಣ ಮುಳಿಹುಲ್ಲಿಗೆ ಹಿಡಿದ ಬೆಂಕಿ ಗುಡ್ಡೆಯ ಅರ್ಧ ತಿಂದಿತು. ಹೊಗೆ ನಮ್ಮ ಮನೆಯ ಅಂಗಳಕ್ಕೂ ಕಾಣುತ್ತಿತ್ತಂತೆ. ನನ್ನ ಹೆಂಡತಿ ಗಿರಿಜ ಆಸ್ಪತ್ರೆಗೆ ಗಂಜಿ ತಂದವಳು ಪಾತ್ರೆ ಇಟ್ಟು, ಕಿಟಕಿಯ ಹತ್ತಿರ ಹೋಗಿ ಕೂತಳು.

ಕಾಲಿಗೆ ಪ್ಲಾಸ್ಟರ್ ಹಾಕಿಸಿ ಮನೆಗೆ ಬಂದ ಮೇಲೆ ಸುದ್ದಿ ಬಂತು. ಮುಳ್ಳೇರಿಯದ ಚಾ ಅಂಗಡಿಯಲ್ಲಿ ನಾಲ್ಕು ಜನ ಕೇಳುವ ಹಾಗೆ ಜಯಂತ ಹೇಳಿದ್ದನಂತೆ, ಐತಪ್ಪನಿಗೆ ಅವನ ಕೈಯದ್ದೇ ಅಹಂಕಾರ ಅಲ್ಲವಾ, ಎರಡೂ ಕೈ ತೆಗೆಯುತ್ತೇನೆ ಎಂದು. ಸಾಯಿಸುತ್ತೇನೆ ಎಂದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಐದಕ್ಕೇ ಶಾಲೆ ಬಿಟ್ಟವನಿಗೆ ಕೈ ಹೋದರೆ ಎಂತ ಉಳಿಯುತ್ತದೆ? ಬಾಬು ಕಾವಲು ಕೂರುತ್ತೇನೆ ಎಂದ, ಬೈದು ಕಳಿಸಿದೆ. ಮೀಂಜದಲ್ಲಿ ತನ್ನ ತಾಯಿ ಮನೆ ಉಂಟು, ಕಾಲು ಸರಿಯಾಗುವ ತನಕ ಅಲ್ಲಿರುವ ಎಂದಳು ಗಿರಿಜ. ಅಂಗಳ ಬಿಟ್ಟು ಓಡಿದ ಐತಪ್ಪ ಎಂಬ ಹೆಸರು ನನಗೆ ಬೇಡ ಎಂದೆ. ಜಗಲಿಯಲ್ಲಿ ಗೋಡೆಗೆ ಒರಗಿ ಕೂರುವುದು, ಚಾಪೆಯ ಅಡಿಯಲ್ಲಿ ಕತ್ತಿ. ಅವಳು ಎದುರು ಕೂತು ಗೆರಸೆಯಲ್ಲಿ ಬೀಡಿ ಕಟ್ಟುವುದು. ಚಾಪೆಯ ಅಡಿಯಲ್ಲಿ ಎಂತ ಉಂಟೆಂದು ಅವಳಿಗೆ ಗೊತ್ತಿತ್ತು, ಗುಡಿಸುವಾಗ ಅಷ್ಟು ಜಾಗ ಬಿಟ್ಟು ಗುಡಿಸುತ್ತಿದ್ದಳು.

ವಿಷು ಕಳೆದು ಸ್ವಲ್ಪ ದಿನ. ಮಧ್ಯಾಹ್ನ, ಕಾಗೆ ಕೂಡ ಕೂಗದ ಬಿಸಿಲು. ಕೆಳಗೆ ಮಾರ್ಗದಲ್ಲಿ ಜೀಪು ನಿಂತ ಸದ್ದು ಕೇಳಿತು. ಮೆಟ್ಟಿಲು ಹತ್ತಿ ನಾಲ್ವರು ಬಂದರು. ಮುಂದೆ ಹಾರೆ ಹಿಡಿದ ಜಯಂತ, ಹಿಂದೆ ಪಿಕ್ಕಾಸಿನ ಹಿಡಿ ಹಿಡಿದ ಅವನ ಇಬ್ಬರು ಲೋಡಿಂಗಿನವರು, ಎಲ್ಲರಿಗಿಂತ ಹಿಂದೆ ವಿಶ್ವ. ಗಲ್ಲದ ಅಡಿಯಿಂದ ನೆತ್ತಿಗೆ ಬಟ್ಟೆ ಸುತ್ತಿದ್ದ. ಅವನ ಕೈಯಲ್ಲೂ ಒಂದು ಕಬ್ಬಿಣದ ಪೈಪು. ಕೈ ಮುರಿಯುವ ಕೆಲಸ ಅವನಿಂದಲೇ ಮಾಡಿಸಬೇಕೆಂದು ಅಣ್ಣ ಕರೆತಂದದ್ದು ನೋಡಿದ ಕೂಡಲೇ ಗೊತ್ತಾಯಿತು.

ನಾನು ಚಾಪೆಯ ಅಡಿಗೆ ಕೈ ಹಾಕಿದೆ. ಏಳಲಿಕ್ಕೆ ಆಗುವುದಿಲ್ಲ. ಕೂತಲ್ಲಿಂದಲೇ ಒಬ್ಬನ ಕಾಲಾದರೂ ಕಡಿದು ಬಿಡುವುದೆಂದು ಲೆಕ್ಕ ಹಾಕಿದೆ.

"ಅಕ್ಕ, ನೀವು ಒಳಗೆ ಹೋಗಿ" ಎಂದ ಜಯಂತ. "ನಿಮ್ಮ ಹತ್ರ ನಮಗೆ ಎಂತದೂ ಇಲ್ಲ."

ಗಿರಿಜ ಗೆರಸೆ ಬದಿಗಿಟ್ಟು, ಮಡಿಲಿನ ಹೊಗೆಸೊಪ್ಪಿನ ಹುಡಿ ಕೊಡವಿ ಎದ್ದು ಒಳಗೆ ಹೋದಳು. ಒಳ್ಳೆಯದಾಯಿತು, ಬಾಗಿಲು ಹಾಕಿಕೊಳ್ಳಲಿ ಎಂದುಕೊಂಡೆ. ಜಯಂತ ಅಂಗಳ ದಾಟಿ ಜಗಲಿಯ ಹತ್ತಿರ ಬಂದ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನ ಕಣ್ಣು ಚಾಪೆಯ ಮೇಲೆ, ನನ್ನ ಕಣ್ಣು ಹಾರೆಯ ಮೇಲೆ. ಆಗ ಗಿರಿಜ ಹೊರಗೆ ಬಂದಳು. ಒಂದು ಕೈಯಲ್ಲಿ ಬೆಲ್ಲದ ತಟ್ಟೆ, ಇನ್ನೊಂದರಲ್ಲಿ ಚೆಂಬು, ಕಂಕುಳಲ್ಲಿ ಲೋಟಗಳು.

"ಬಿಸಿಲಲ್ಲಿ ನಿಲ್ಬೇಡಿ, ಜಗಲಿಗೆ ಬನ್ನಿ" ಎಂದಳು.

ನನ್ನ ರಕ್ತ ತಲೆಗೇರಿತು. ಒಳಗೆ ಹೋಗು ಎಂದು ಗದರಿಸಿದೆ. ಅವಳು ಕೇಳದವಳ ಹಾಗೆ ತಟ್ಟೆಯನ್ನು ಲೋಡಿಂಗಿನವರ ಮುಂದೆ ಹಿಡಿದಳು. ಹುಟ್ಟಿದಂದಿನಿಂದ ಅಂಗಳ ಅಂಗಳದಲ್ಲಿ ಹಾಗೆ ಹಿಡಿದ ತಟ್ಟೆಗೆ ಕೈ ಹಾಕಿ ಅಭ್ಯಾಸವಾದ ಜನ. ಒಬ್ಬನ ಕೈ ತಾನಾಗಿಯೇ ಮುಂದೆ ಬಂತು. ಬೆಲ್ಲ ತೆಗೆಯಲಿಕ್ಕೆ ಅವನು ಕೈಯ ದೊಣ್ಣೆಯನ್ನು ನಮ್ಮ ಕಂಬಕ್ಕೇ ಒರಗಿಸಿ ಇಟ್ಟ. ಅವನನ್ನು ನೋಡಿ ಇನ್ನೊಬ್ಬನೂ ತೆಗೆದ. ಜಯಂತನಿಗೆ ಹಿಡಿದಾಗ ಅವನು ಮುಖ ತಿರುಗಿಸಿದ. ಅವನ ಲೋಟಕ್ಕೆ ನೀರು ಹೊಯ್ದು ಕಟ್ಟೆಯ ಮೇಲೆ ಇಟ್ಟು, ಅವಳು ಅಂಗಳಕ್ಕೆ ಇಳಿದು ವಿಶ್ವನ ಹತ್ತಿರ ಹೋದಳು.

ವಿಶ್ವ ಬೆಲ್ಲವನ್ನು ನೋಡಿದ, ಅವಳನ್ನು ನೋಡಿದ. ಕೈ ಎತ್ತಲಿಲ್ಲ.

"ಓ, ನಿನಗೆ ಕಚ್ಚಲಿಕ್ಕೆ ಆಗ್ಲಿಕ್ಕಿಲ್ಲ ಅಲ್ವಾ" ಎಂದಳು ಗಿರಿಜ. "ಒಂದು ಗಳಿಗೆ ನಿಲ್ಲು."

ಮತ್ತೆ ಒಳಗೆ ಹೋದಳು. ಬೆಲ್ಲ ಜಜ್ಜುವ ಸದ್ದು, ಆಮೇಲೆ ಲೋಟದಲ್ಲಿ ಚಮಚ ತಿರುಗುವ ಸದ್ದು. ಕೈ ಮುರಿಯಲು ಬಂದ ನಾಲ್ವರು, ಮುರಿಸಿಕೊಳ್ಳಲು ಕೂತ ಒಬ್ಬ, ಎಲ್ಲರೂ ಆ ಸದ್ದು ನಿಲ್ಲುವುದನ್ನು ಕಾಯುತ್ತಿದ್ದೆವು. ಜಯಂತನ ಕಾಲು ನನ್ನ ಕತ್ತಿಗೆ ಎಟುಕುವಷ್ಟು ಹತ್ತಿರ ಇತ್ತು. ಕಡಿಯಬಹುದಿತ್ತು. ಅವನಿಗೂ ಅದು ಗೊತ್ತಿತ್ತು, ಕಾಲು ಹಿಂದೆ ತೆಗೆಯಲಿಲ್ಲ.

ಅವಳು ಕದಡಿದ ನೀರು ತಂದು ವಿಶ್ವನಿಗೆ ಕೊಟ್ಟಳು. ಪೈಪನ್ನು ಅವನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡು ಕೈಯಲ್ಲಿ ಲೋಟ ಹಿಡಿದ. ತಂತಿ ಕಟ್ಟಿದ ಹಲ್ಲಿನ ಸಂದಿಯಲ್ಲಿ ಎಳೆಯುವಾಗ ಅರ್ಧ ಒಳಗೆ, ಅರ್ಧ ಗಲ್ಲದ ಬಟ್ಟೆಗೆ. ಸ್ವಲ್ಪ ಸ್ವಲ್ಪ ಎಳೆ, ಅವಸರ ಬೇಡ ಎಂದಳು. ಗಂಜಿ ಇಳಿಯುತ್ತದಾ ಎಂದು ಕೇಳಿದಳು. ಅವನು ಇಲ್ಲವೆಂದು ತಲೆ ಆಡಿಸಿದ. ಬರೀ ಗಂಜಿಯ ತೆಳಿ ಕುಡಿಯುವುದಾ ಎಂದಳು. ಅದಕ್ಕೂ ತಲೆಯಲ್ಲೇ ಹೌದೆಂದ. ಅದಕ್ಕೆ ಉಪ್ಪು, ಒಂದು ಚಮಚ ತುಪ್ಪ ಹಾಕಿಸು ಎಂದು ಹೇಳಿ ಜಗಲಿಗೆ ಬಂದು, ನನ್ನ ಹೆಗಲಿನಿಂದ ಬೈರಾಸನ್ನು ಎಳೆದು ತೆಗೆದುಕೊಂಡು ಹೋಗಿ ಅವನಿಗೆ ಬಾಯಿ ಒರೆಸಲು ಕೊಟ್ಟಳು. ನನ್ನ ಬೈರಾಸು.

ಅವನು ಲೋಟದ ತಳದವರೆಗೆ ಕುಡಿದ. ಜಯಂತ ನನ್ನನ್ನು ತೋರಿಸಿ, "ಹೊಡಿ" ಎಂದ. ವಿಶ್ವ ಲೋಟವನ್ನು ಕಟ್ಟೆಯ ಮೇಲೆ ಇಟ್ಟು, ಬೈರಾಸನ್ನು ಮಡಚಿ ಅದರ ಪಕ್ಕದಲ್ಲಿಟ್ಟು, ಮೆಟ್ಟಿಲು ಇಳಿದು ಹೋದ. ಲೋಡಿಂಗಿನವರು ಒಬ್ಬರ ಮುಖ ಒಬ್ಬರು ನೋಡಿದರು. ಬಾಯಲ್ಲಿ ಇನ್ನೂ ಬೆಲ್ಲ ಇತ್ತು. ಅವರೂ ಇಳಿದರು, ಕಂಬಕ್ಕೆ ಒರಗಿಸಿದ ದೊಣ್ಣೆ ಅಲ್ಲೇ ಉಳಿಯಿತು.

ಒಬ್ಬನೇ ನಿಂತ ಜಯಂತನ ಮುಖ ಸುಟ್ಟ ಕಲ್ಲಿನ ಹಾಗಾಯಿತು. ಹಾರೆ ಎತ್ತಿ, ಅಂಗಳದಲ್ಲಿದ್ದ ನನ್ನ ಬೈಕಿನ ಮೇಲೆ ಇಳಿಸಿದ. ಹೆಡ್‌ಲೈಟು, ಮೀಟರು, ಟ್ಯಾಂಕು. ಪೆಟ್ರೋಲು ಅಂಗಳದಲ್ಲಿ ಹರಿಯುವ ತನಕ ಬಡಿದ. ಜಗಲಿಯ ಮಾಡಿನ ಹಂಚು ಬಡಿದು ಬೀಳಿಸಿದ. ಚೂರುಗಳು ಗಿರಿಜಳ ಗೆರಸೆಯ ಮೇಲೆ ಬಿದ್ದವು.

"ಈ ಅಂಗಳದ ಹೊರಗೆ ಸಿಗು ನೀನು" ಎಂದ ನನಗೆ. "ಅಲ್ಲಿ ಬೆಲ್ಲ ಕೊಡುವವರು ಇರುದಿಲ್ಲ."

ಅವನಿಗೆ ಇಟ್ಟ ನೀರು ಕಟ್ಟೆಯ ಮೇಲೆ ಹಾಗೆಯೇ ಇತ್ತು.

ಆ ಸಂಜೆ ನಾನು ಗಿರಿಜಳಿಗೆ ಬೈದದ್ದಕ್ಕೆ ಲೆಕ್ಕವಿಲ್ಲ. ಹೆಂಡತಿಯ ಬೆಲ್ಲದಿಂದ ಕೈ ಉಳಿಸಿಕೊಂಡವ ಎಂದು ಊರು ನಗುತ್ತದೆ, ನನ್ನನ್ನು ಕಾಪಾಡಲು ನಿನಗೆ ಹೇಳಿದವರು ಯಾರು ಎಂದೆ. ಅವಳು ಹಂಚಿನ ಚೂರು ಹೆಕ್ಕುತ್ತಾ ಇದ್ದಳು.

"ನಿಮ್ಮನ್ನು ಕಾಪಾಡ್ಲಿಕ್ಕೆ ಅಂತ ನಿಮಗೆ ಯಾರು ಹೇಳಿದ್ದು?" ಎಂದಳು. "ಆ ಪ್ರಾಯದಲ್ಲಿ ಹಸಿವೆ ಎಷ್ಟು ಇರ್ತದೆ. ಅವನ ಕೆನ್ನೆ ಒಳಗೆ ಹೋದದ್ದು ನೀವು ನೋಡಿದ್ರಾ?"

ನಾನು ನೋಡಿರಲಿಲ್ಲ. ನಾನು ನೋಡಿದ್ದು ಪೈಪನ್ನು. ಅವಳಿಗೆ ಹೆದರಿಕೆ ಇರಲಿಲ್ಲ ಎಂದಲ್ಲ. ಆ ದಿನ ಅವಳು ಕಟ್ಟಿದ ಬೀಡಿಗಳೆಲ್ಲ ನೂಲು ಸಡಿಲವಾಗಿ, ಒಂದೂ ನಿಲ್ಲದೆ ಬಿಚ್ಚಿ ಹೋದವು.

ಮಳೆ ಹಿಡಿಯಿತು. ಕೋರೆಗಳಲ್ಲಿ ನೀರು ನಿಂತು ಕೆಲಸ ನಿಂತಿತು. ಕಾಲಿನ ಪ್ಲಾಸ್ಟರ್ ಬಿಚ್ಚಿದರು. ಗಂಟು ಇನ್ನೂ ನಂಬುವ ಹಾಗಿರಲಿಲ್ಲ. ಬೋವಿಕಾನದ ಒಂದು ಗ್ಯಾರೇಜಿನಲ್ಲಿ ನನ್ನ ಬೈಕು ರಿಪೇರಿಗೆ ಇತ್ತು. ಅದನ್ನು ತರಲು ಬಾಬುವಿನ ಜೊತೆ ಹೋದ ದಿನ ಜಯಂತನ ಜೀಪು ಅಲ್ಲೇ ಬಂದು ನಿಂತಿತು. ಇದಿರು ಕಾಣದ ಮಳೆ. ಅವನು ಇಳಿಯುವುದನ್ನು ನೋಡಿ ನಾನು ಗ್ಯಾರೇಜಿನ ವೀಲ್ ಸ್ಪ್ಯಾನರ್ ಎತ್ತಿಕೊಂಡೆ. ನನ್ನ ಹೊಡೆತ ಅವನ ಎಡ ಭುಜಕ್ಕೆ ಬಿತ್ತು. ತೋಳು ಜೋತುಬಿದ್ದದ್ದು ಕಂಡೆ. ಇನ್ನೊಂದು ಕೊಡಲು ಕಾಲು ಊರಿದೆ, ಗಂಟು ಕೈ ಕೊಟ್ಟಿತು. ಕೆಸರಿಗೆ ಬಿದ್ದೆ. ಅವನು ಬಲಗೈಯಲ್ಲಿ ಜಾಕಿಯ ರಾಡು ಎತ್ತಿದ. ಈ ಸಲ ಕೈಗೂ ಅಲ್ಲ, ಕಾಲಿಗೂ ಅಲ್ಲ. ಅವನ ಕಣ್ಣು ನನ್ನ ಹಣೆಯ ಮೇಲಿತ್ತು.

ರಾಡು ಇಳಿಯಿತು, ನನಗೆ ತಾಗಲಿಲ್ಲ. ನಡುವೆ ಒಂದು ತೋಳು ಇತ್ತು. ಒಣ ಗೆರಟೆಯ ಅದೇ ಸದ್ದು. ಜೀಪಿನಿಂದ ಹಾರಿ ಬಂದ ವಿಶ್ವ ನನ್ನ ಪಕ್ಕದಲ್ಲೇ ಕೆಸರಿನಲ್ಲಿ ಕೂತ, ತೋಳನ್ನು ಮಡಿಲಲ್ಲಿಟ್ಟುಕೊಂಡು. ಎಲುಬು ಚರ್ಮವನ್ನು ಒಳಗಿನಿಂದ ದೂಡುತ್ತಿತ್ತು.

"ಇವರ ಮನೆಯಲ್ಲಿ ನಾನು ಕುಡಿದಿದ್ದೇನೆ, ಅಣ್ಣ" ಎಂದ.

ಜಯಂತ ರಾಡು ಹಿಡಿದುಕೊಂಡೇ ಕೇಳಿದ. "ಒಂದು ಲೋಟ ನೀರಿಗಾ?"

"ಅಕ್ಕ ಕದಡಿ ಕೊಟ್ಟದ್ದು."

ರಾಡು ಜಯಂತನ ಕೈಯಿಂದ ಬಿತ್ತು. ತಮ್ಮನ ಎಲುಬನ್ನು ಮುರಿದ ಕೈಯನ್ನು ಅವನು ಬೇರೆಯವರದ್ದೆಂಬ ಹಾಗೆ ನೋಡುತ್ತಿದ್ದ. ಬಾಬು, ನಾನು ಸೇರಿ ವಿಶ್ವನನ್ನು ಜೀಪಿನ ಹಿಂದಿನ ಸೀಟಿಗೆ ಎತ್ತಿದೆವು. ಜಯಂತ ಸ್ಟೇರಿಂಗಿಗೆ ಕೂತ. ಬಾಬುವಿಗೆ ದೊಡ್ಡ ಗಾಡಿ ಬರುವುದಿಲ್ಲ, ನನ್ನ ಎಡಗಾಲು ಕ್ಲಚ್ಚು ಒತ್ತುವುದಿಲ್ಲ. ಜಯಂತನಿಗೆ ಕಾಲು ಉಂಟು, ಆದರೆ ನಾನು ಹೊಡೆದ ಎಡಗೈ ಗೇರಿನವರೆಗೆ ಏಳುವುದಿಲ್ಲ. ಹಾಗಾಗಿ ನಾನು ಅವನ ಪಕ್ಕದಲ್ಲಿ ಕೂತೆ. ಅವನು ಕ್ಲಚ್ಚು ಒತ್ತುವುದು, ನಾನು ಗೇರು ಹಾಕುವುದು. ಬೋವಿಕಾನದಿಂದ ಕಾಸರಗೋಡಿನವರೆಗೆ ಆ ಮಳೆಯಲ್ಲಿ ನಾವಿಬ್ಬರು ಆಡಿದ ಮಾತು ಇಷ್ಟೇ: ಎರಡು, ಮೂರು, ಪುನಃ ಎರಡು. ಹಿಂದೆ ವಿಶ್ವ ಪ್ರತಿ ಹೊಂಡಕ್ಕೂ ನರಳಿದಾಗ ನಾವಿಬ್ಬರೂ ಒಟ್ಟಿಗೆ ಉಸಿರು ಹಿಡಿಯುತ್ತಿದ್ದೆವು.

ಆಸ್ಪತ್ರೆಯಲ್ಲಿ ಡಾಕ್ಟರು ಮೂವರ ಅವತಾರವನ್ನೂ ನೋಡಿ ಏನಾಯಿತೆಂದು ಕೇಳಿದರು. ಲೋಡು ಇಳಿಸುವಾಗ ಬಿದ್ದದ್ದು ಎಂದ ಜಯಂತ. ಮೂವರೂ ಒಂದೇ ಲೋಡಿನಿಂದಲಾ ಎಂದು ಕೇಳಿದ್ದಕ್ಕೆ, ಹೌದು, ದೊಡ್ಡ ಲೋಡು ಎಂದೆ ನಾನು.

ಅಲ್ಲಿಗೆ ಹೊಡೆದಾಟ ಮುಗಿಯಿತು. ಸ್ನೇಹ ಆಯಿತೆಂದು ಯಾರೂ ತಿಳಿಯಬಾರದು. ಜಯಂತ ಎದುರು ಬಂದರೆ ನಾನು ಮಾರ್ಗದ ಆಚೆ ಬದಿ, ಅವನು ಈಚೆ ಬದಿ. ಆದರೆ ಮಳೆ ಮುಗಿದು ಕೋರೆ ಸುರುವಾದಾಗ ಅವನ ಬ್ಲೇಡು ಸುಣ್ಣದ ಗೆರೆಯಿಂದ ಎರಡು ಕಲ್ಲು ಒಳಗೇ ನಿಂತಿತು. ಈಗ ಎರಡೂ ಕೋರೆ ಬಿಟ್ಟಾಗಿದೆ, ಎರಡರಲ್ಲೂ ನೀರು, ನಡುವಿನ ದಂಡೆ ಇವತ್ತಿಗೂ ನಿಂತಿದೆ. ವಿಶ್ವನ ಎಡಗೈ ಪೂರ್ತಿ ನೇರವಾಗುವುದಿಲ್ಲ. ಪಿಕಪ್ ಓಡಿಸಲು ಅಷ್ಟು ಸಾಕು ಎನ್ನುತ್ತಾನೆ. ದವಡೆ ಸರಿಯಾಗಿದೆ, ಚಕ್ಕುಲಿ ಕಚ್ಚುತ್ತಾನೆ. ಆದರೂ ನಮ್ಮ ಮನೆಗೆ ಬಂದರೆ ಗಿರಿಜ ಬೆಲ್ಲ ಕದಡಿಯೇ ಕೊಡುತ್ತಾಳೆ. ಇನ್ನು ಬೇಡ ಎಂದು ಅವನೂ ಹೇಳಿಲ್ಲ.

ಕಳೆದ ತಿಂಗಳು ಅವನ ಅಂಗಳದಲ್ಲಿ ಚಮಚದ ಸದ್ದು ಕೇಳುತ್ತಾ ಕಲ್ಲಿನ ರಾಶಿಯ ಮೇಲೆ ಕೂತಿದ್ದಾಗ ಒಂದು ಸ್ಕೂಟರು ಬಂದು ಗೇಟಿನ ಹತ್ತಿರ ನಿಂತಿತು. ಜಯಂತ. ತಮ್ಮನ ಮನೆಯ ಕಲ್ಲು ನೋಡಲು ಅವನೂ ಬಂದದ್ದು. ನನ್ನನ್ನು ಕಂಡು ಸ್ಕೂಟರಿನ ಮೇಲೆಯೇ ಕೂತ. ತಿರುಗಿಸಿ ಹೋಗುವುದಾ, ಒಳಗೆ ಬರುವುದಾ ಎಂದು ಅವನ ಕಾಲಿಗೇ ಗೊತ್ತಿಲ್ಲ. ವಿಶ್ವ ಯಾರನ್ನೂ ನೋಡದೆ ಕಲ್ಲು ಎಣಿಸುವವನ ಹಾಗೆ ಬಗ್ಗಿದ್ದ. ಅವನ ಹೆಂಡತಿ ಹೊರಗೆ ಬಂದವಳು ಭಾವನನ್ನು ಕಂಡು, ಒಳಗೆ ಹೋಗಿ ಇನ್ನೊಂದು ಲೋಟದಲ್ಲಿ ಅವಸರದಲ್ಲಿ ಚಮಚ ತಿರುಗಿಸಿ ತಂದಳು.

ಜಯಂತ ಇಳಿದು ಬಂದ. ಲೋಟ ತೆಗೆದುಕೊಂಡ. ನನ್ನಿಂದ ಎರಡು ಕಲ್ಲಿನಷ್ಟು ದೂರದಲ್ಲಿ, ಅದೇ ಕಲ್ಲಿನ ರಾಶಿಯ ಮೇಲೆ ಕೂತ. ಒಂದು ಗುಟುಕು ಕುಡಿದು, ಯಾರಿಗೆಂದಿಲ್ಲದೆ ಹೇಳಿದ.

"ಸಿಹಿಯೇ ಇಲ್ಲ ಇದರಲ್ಲಿ."

ನನಗಲ್ಲದೆ ಇನ್ಯಾರಿಗೆ ಹೇಳುವುದು? ಪಕ್ಕದಲ್ಲಿ ಇದ್ದದ್ದು ನಾನೊಬ್ಬನೇ.

"ಅಡಿಯಲ್ಲಿ ಉಂಟು ಮಾರಾಯ" ಎಂದೆ. "ಅಲ್ಲಾಡಿಸಿ ಕುಡಿ."

ಅವನು ಲೋಟವನ್ನು ಅಲ್ಲಾಡಿಸಿದ.